ಕೋಲ್ವಾದಲ್ಲಿ ನನ್ನ ಪಕ್ಕ ಕೂತಿದ್ದವಳು

ದೆವ್ವ, ಆತ್ಮ, ಅಂತರ್ದೃಷ್ಟಿ ಎಂದೆಲ್ಲ ಮಾತಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದವನು. ಇಂಥ ಕಥೆ ಹೇಳಿದವರನ್ನು ಎದುರಿಗೇ ಗೇಲಿ ಮಾಡಿದ್ದೇನೆ. ಈಗ ನಾನೇ ಒಂದು ಹೇಳಲು ಕೂತಿದ್ದೇನೆ. ನಗುವುದಾದರೆ ಪೂರ್ತಿ ಓದಿ ನಗಿ.

೨೦೦೪ರ ಚಳಿಗಾಲ. ನಮ್ಮ ಮದುವೆ ಹತ್ತಿರ ಬಂದಾಗ ವಿದ್ಯಾ ಒಲ್ಲೆ ಎಂದಳು. ವರ್ಷಗಟ್ಟಲೆ ಜೊತೆಗೆ ಓಡಾಡಿದವಳು ಕಾರಣ ಹೇಳಲಿಲ್ಲ, ಫೋನ್ ಎತ್ತಲಿಲ್ಲ. ಮದುವೆಯಾದ ಮೇಲೆ ಇಬ್ಬರೂ ಹೋಗಲೆಂದು ಗೋವಾದ ಕೋಲ್ವಾದಲ್ಲಿ ಕೋಣೆ ಹಿಡಿದಿದ್ದೆ. ಹಠಕ್ಕೆ ಬಿದ್ದು ಧಾರವಾಡದಿಂದ ಒಬ್ಬನೇ ಹೋದೆ. ಹೋಟೆಲಿನವರು ಹಾಸಿಗೆಯ ಮೇಲೆ ಟವೆಲ್ ಮಡಚಿ ಎರಡು ಹಂಸ ಮಾಡಿಟ್ಟಿದ್ದರು. ಒಂದನ್ನು ಬಿಚ್ಚಿ ಮುಖ ಒರೆಸಿಕೊಂಡೆ.

ಸಂಜೆ ಸಮುದ್ರದ ದಡದಲ್ಲಿ ಕೂತೆ. ಸುತ್ತ ಬರೀ ಜೋಡಿಗಳು. ಕತ್ತಲಾಗುವವರೆಗೂ ವಿದ್ಯಾಳಿಗೆ ಬೈಯುತ್ತ ಕೂತಿದ್ದೆ. ಮನಸ್ಸಿನಲ್ಲೇ ಬೈದೆ ಎಂದು ನನ್ನ ನೆನಪು.

ಮರುದಿನ ಮಧ್ಯಾಹ್ನ ಅದೇ ಜಾಗದಲ್ಲಿ ಮಣಿಸರ ಮಾರುವ ಹೆಂಗಸೊಬ್ಬಳು ನೇರ ನನ್ನ ಬಳಿ ಬಂದಳು. ಗದಗಿನ ಕಡೆಯವಳು, ಈಗ ಮಡಗಾಂವಿನ ಮೋತಿ ಡೊಂಗರ್‌ನಲ್ಲಿ ವಾಸ. ಕಾಲಿಗೆ ಕಟ್ಟುವ ಕೆಂಪು ಮಣಿಯ ಸರವೊಂದನ್ನು ಮುಂದೆ ಹಿಡಿದಳು.

"ತಗೋರಿ ಅಣ್ಣಾರ, ಅಕ್ಕಾರ ಕಾಲಿಂದು. ಎಲ್ಲದಾರ ಅವರು?"

"ಯಾವ ಅಕ್ಕಾರು? ನಾ ಒಬ್ಬನ ಬಂದೇನಿ."

"ಇನ್ನೂ ಸಿಟ್ಟು ಇಳದಿಲ್ಲೇನ್ರಿ? ನಿನ್ನಿ ನಿಮ್ಮ ಬಾಜೂಕ ಕುಂತಿದ್ರಲ್ರಿ! ದಾರ ಹಿಡದು ಅಳತಿ ತಗೊಂಡೇನಿ. ಕರಿಮಣಿ ಹಾಕೂಣಂದ್ರ ಬೆರಳಾಗ ಕಾಲುಂಗರ ಇಲ್ಲ. ಫಾರಿನರ್‌ಗಾದ್ರ ನಡೀತೈತಿ, ನಮ್ಮ ಮಂದಿಗೆ ಲಗ್ನಕ್ಕ ಮೊದಲ ಕರಿಮಣಿ ಹೆಂಗ ಕಟ್ಲಿ? ಅದಕ್ಕ ಕೆಂಪು ಪೋಣಿಸೇನಿ."

ಗಿರಾಕಿ ಹಿಡಿಯುವ ಉಪಾಯವಿದು ಎಂದು ರೇಗಿದೆ. "ಹಂಗಾರ ಹೆಂಗಿದ್ಲು ಹೇಳವಾ, ನೋಡೂಣು."

"ಮಾರಿ ಯಾರು ನೋಡ್ತಾರ್ರಿ? ನಾ ನೋಡೂದು ಕಾಲು. ಎಡಗಾಲಿನ ಕಿರಿಬೆರಳು ಬಾಜೂದರ ಮ್ಯಾಲೆ ಏರಿ ಕುಂತೈತಿ."

ಅದು ವಿದ್ಯಾಳ ಕಾಲು. ಆ ಬೆರಳಿಗೆ ನಾಚಿ ಅವಳು ಯಾವಾಗಲೂ ಮುಂದೆ ಮುಚ್ಚಿದ ಚಪ್ಪಲಿಯನ್ನೇ ಹಾಕುತ್ತಿದ್ದಳು.

ಹೆಂಗಸು ಅಷ್ಟಕ್ಕೇ ಬಿಡಲಿಲ್ಲ. "ಪಾಪ, ಅಕ್ಕಾರು ಏನೋ ಹೇಳಾಕ ಬಾಯಿ ತೆರದ್ರ ನೀವು ಮಾತಾಡಗೊಡಲಿಲ್ಲ. ಎಲ್ಲಾ ಗಂಡಸರೂ ಒಂದ ನಮೂನಿ" ಎಂದು ಗದರಿದಳು. ಬಿಟ್ಟು ಹೋದವಳು ವಿದ್ಯಾ. ಕಂಡವರಿಂದ ಬೈಸಿಕೊಳ್ಳಬೇಕಾದವನು ನಾನು!

ಆಮೇಲೆ ವಿಚಾರಿಸಿದೆ. ಆ ಸಂಜೆ ವಿದ್ಯಾ ಹುಬ್ಬಳ್ಳಿಯಲ್ಲಿ ತಂಗಿಯ ಮನೆಯಲ್ಲಿದ್ದಳು. ನನ್ನ ಗೆಳೆಯನೊಬ್ಬ ಅವಳನ್ನು ಅಲ್ಲಿ ಕಂಡು ಮಾತಾಡಿಸಿ ಬಂದಿದ್ದ. ಹಾಗಾದರೆ ಆ ಹೆಂಗಸು ಬೇರೆ ಯಾವುದೋ ಜೋಡಿಯ ಗಂಡಸನ್ನು ನಾನೆಂದು ತಿಳಿದಳೇ? ಅಂಥ ಬೆರಳು ಇನ್ನೊಬ್ಬಳಿಗೂ ಇರಬಹುದು. ಅಥವಾ ಬೆರಳಿನ ಮಾತನ್ನು ಆಮೇಲೆ ನಾನೇ ಸೇರಿಸಿಕೊಂಡೆನೇ? ಇಷ್ಟು ವರ್ಷದ ಮೇಲೆ ನನ್ನ ನೆನಪನ್ನು ನಾನೇ ನಂಬಲಾರೆ. ಸಿಟ್ಟು ಮಾತ್ರ ಹಾಗೇ ಇದೆ.

ಏಕೆಂದರೆ ಅಂದು ಆ ಮಣಿಸರದ ಹೆಂಗಸು ಹೊರಟಾಗ, ಒಂದು ಮಾತನ್ನೂ ನಂಬದ ನಾನೇ ಕೇಳಿಬಿಟ್ಟೆ: "ಏನು ಹೇಳಾಕ ಬಂದಿದ್ಲು?"

"ನನಗೇನು ಗೊತ್ರಿ? ಇಬ್ಬರು ಮಾತಾಡೂಮುಂದ ಕಿವಿ ಕೊಡಬಾರದಂತ ನಾ ಆಕಡಿ ಹೋದ್ನಿ."

ಬೇಡವೆಂದರೂ ದಡದುದ್ದಕ್ಕೂ ಬೆನ್ನು ಹತ್ತುವ ಹೆಂಗಸಿಗೆ ಅದೊಂದು ಮಾತಿನ ಹೊತ್ತಿಗೆ ಮರ್ಯಾದೆ ನೆನಪಾಗಿತ್ತು! ವಿದ್ಯಾ ಯಾಕೆ ಒಲ್ಲೆ ಎಂದಳೋ ನನಗೆ ಇಂದಿಗೂ ಗೊತ್ತಿಲ್ಲ. ಅಂದು ಅಲ್ಲಿ ಕೂತಿದ್ದವಳು ಯಾರೋ ಅದೂ ಗೊತ್ತಿಲ್ಲ. ಯಾರೇ ಆಗಿರಲಿ, ನನಗೆ ಕೇಳುವ ಹಾಗೆ ಹೇಳಬಹುದಿತ್ತು.