ಬೀರಪ್ಪ ತಿನ್ನದ ಹುಗ್ಗಿ

ಕಳೆದ ವರ್ಷ ಒಂದು ಬೆಳಿಗ್ಗೆ ಹುಡಗಿ ಗ್ರಾಮದ ಸಿದ್ದಮ್ಮ ಹುಮನಾಬಾದಿನ ನಮ್ಮ ಮನೆಗೆ ಬಂದು, ಕೊಟ್ಟ ಚಹಾ ಕೂಡ ಮುಟ್ಟದೆ ನನ್ನ ಮೇಲೆ ಆರೋಪ ಹೊರಿಸಿದಳು. ನಾನು ಅವಳ ಗಂಡನ ಜೀವ ತೆಗೆಯುತ್ತಿದ್ದೇನಂತೆ. ಹೇಗೆ? ಹುಗ್ಗಿ ಉಣಿಸಿ.

ಅವಳ ಗಂಡ ಬೀರಪ್ಪ ಕುರಿಗಾರ. ರಾಜೇಶ್ವರದ ನಮ್ಮ ಹೊಲದಲ್ಲಿ ಪ್ರತಿವರ್ಷ ಅವನ ಹಿಂಡು ಕೆಲವು ರಾತ್ರಿ ತಂಗುತ್ತದೆ. ಹೊಲಕ್ಕೆ ಗೊಬ್ಬರ, ಅವನಿಗೆ ಜೋಳ ಮತ್ತು ಊಟ. ಕುರಿ ಬಂದು ನಿಂತ ದಿನ ಕುರಿಗಾರನಿಗೆ ಬೆಲ್ಲ ಹಾಕಿದ ಗೋದಿ ಹುಗ್ಗಿ ಬಡಿಸುವುದು ನಮ್ಮ ಮನೆಯ ಪದ್ಧತಿ. (ಬಡಿಸದಿದ್ದರೆ ಕುರಿಗಳಿಗೆ ಬೇಜಾರಾಗುತ್ತದೆಯೋ ಏನೋ, ಯಾರೂ ಪರೀಕ್ಷಿಸಿಲ್ಲ.)

ಬೀರಪ್ಪನಿಗೆ ಶುಗರ್. ಗುಳಿಗೆ ಹೆಚ್ಚಿಸಿದರೂ ಇಳಿಯಲಿಲ್ಲ, ಇನ್ಸುಲಿನ್ ಶುರು ಮಾಡಿದರೂ ಇಳಿಯಲಿಲ್ಲ. ಏನು ತಿನ್ನುತ್ತಾನೆ ಎಂದು ಊರಿನ ಡಾಕ್ಟರು ಕೇಳಿದರೆ ಹೆಂಡತಿ ಏನು ಹೇಳಬೇಕು? ದಿನವಿಡೀ ಹೊರಗಿರುವ ಮನುಷ್ಯ. ಇಂದು ಈ ಹೊಲ, ನಾಳೆ ಆ ಹೊಲ, ಹೋದಲ್ಲೆಲ್ಲ ಹುಗ್ಗಿ. ಅವಳ ತರ್ಕ ಸರಿಯಾಗಿಯೇ ಇತ್ತು.

ತೊಂದರೆ ಒಂದೇ. ಶುಗರ್ ಬಂದಮೇಲೆ ಬೀರಪ್ಪ ನಮ್ಮ ಹೊಲದಲ್ಲಿ ಹುಗ್ಗಿ ಮುಟ್ಟಿರಲಿಲ್ಲ. ರೊಟ್ಟಿ, ಪುಂಡಿಸೊಪ್ಪಿನ ಪಲ್ಲೆ, ಅಷ್ಟೇ. ಅದನ್ನೇ ಸಿದ್ದಮ್ಮನಿಗೆ ಹೇಳಿದೆ.

“ನಿಮ್ಮ ಹೊಲದಾಗ ತಿಂದಿರಲಿಕ್ಕಿಲ್ರಿ ಸರ,” ಎಂದಳು. “ಬ್ಯಾರೆಯವರ ಹೊಲದಾಗ ತಿನ್ನಾಕತ್ತಾರ.”

ಇಂಥ ವಾದದಲ್ಲಿ ಗೆದ್ದವರಿದ್ದಾರೆಯೇ? ಆ ವಾರವೇ ಅವರ ಮನೆಯವರೆಲ್ಲ ಸೇರಿ ಕುರಿಗಳನ್ನು ಬೀರಪ್ಪನ ತಮ್ಮನಿಗೆ ಒಪ್ಪಿಸಿ, ಬೀರಪ್ಪನನ್ನು ಕಣ್ಣೆದುರು ಕೂರಿಸಿಕೊಂಡರು. ನಡೆದೇ ಬದುಕಿದವನು ಮಂಚ ಹಿಡಿದ. ಶುಗರ್ ಆಗಲೂ ಇಳಿಯಲಿಲ್ಲ. ಗುಮಾನಿ ಪಕ್ಕದ ಕಿರಾಣಿ ಅಂಗಡಿಯ ಕಡೆ ತಿರುಗಿತು.

ನನಗೂ ಶುಗರ್ ಇದೆ. ಬಸವಕಲ್ಯಾಣದ ಡಾಕ್ಟರೊಬ್ಬರಿಗೆ ತೋರಿಸುತ್ತೇನೆ. ಮುಂದಿನ ಸಲ ಗಂಡ-ಹೆಂಡತಿಯನ್ನೂ ಕಾರಿನಲ್ಲಿ ಕರೆದುಕೊಂಡು ಹೋದೆ. ಮೊದಲು ನನ್ನ ಸರದಿ. ಸಿಹಿ ತಿನ್ನುತ್ತೀರಾ ಎಂದರು. ಇಲ್ಲ ಎಂದೆ. ನಂಬಿದರು, ಮುಗಿಯಿತು.

ಬೀರಪ್ಪ ಕೂತಾಗ ಡಾಕ್ಟರು ರಿಪೋರ್ಟ್ ಬಿಟ್ಟು ಅವನ ಕೈ ನೋಡತೊಡಗಿದರು. ಚಪ್ಪಲಿ ಸೈಜ್ ಹೆಚ್ಚಿದೆಯೇ? ಉಂಗುರ ಬಿಗಿಯಾಗಿತ್ತೇ? ಎರಡಕ್ಕೂ ಹೌದು. ಉಂಗುರವನ್ನು ಅಕ್ಕಸಾಲಿ ಪತ್ತಾರರು ಕತ್ತರಿಸಿಯೇ ತೆಗೆದಿದ್ದರು. ಗದ್ದ ಮುಂದೆ ಬಂದದ್ದು, ಹಲ್ಲಿನ ನಡುವೆ ಸಂದು ಬಿದ್ದದ್ದು, ದನಿ ದಪ್ಪಗಾದದ್ದು ಎಲ್ಲವನ್ನೂ ನಾವು ನೋಡಿದ್ದೆವು. ಕುರಿಗಳ ಹಿಂದೆ ನಡೆದು ನಡೆದು ಪಾದ ಅಗಲವಾಗಿದೆ, ಕೂಗಿ ಕೂಗಿ ದನಿ ಒಡೆದಿದೆ ಎಂದುಕೊಂಡಿದ್ದೆವು. ಬರಬರುತ್ತ ಅಪ್ಪನ ಮುಖವೇ ಬಂತು ಎಂದು ಹೊಗಳಿದ್ದೂ ಉಂಟು.

ಕಾಯಿಲೆಯ ಹೆಸರು ಅಕ್ರೊಮೆಗಾಲಿ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಒಂದು ಚಿಕ್ಕ ಗಡ್ಡೆ. ಅದು ಬೆಳವಣಿಗೆಯ ಹಾರ್ಮೋನನ್ನು ಬೇಕಾಬಿಟ್ಟಿ ಸುರಿಯುತ್ತದೆ. ಕೈಕಾಲು ದಪ್ಪವಾಗುತ್ತವೆ. ಆ ಹಾರ್ಮೋನು ಇನ್ಸುಲಿನ್ನಿಗೆ ಕೆಲಸ ಮಾಡಲು ಬಿಡುವುದಿಲ್ಲ, ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಹುಗ್ಗಿ ಬಿಟ್ಟ ಮಾತ್ರಕ್ಕೆ ಅದು ಹತೋಟಿಗೆ ಬರುವುದಿಲ್ಲ.

ರಕ್ತಪರೀಕ್ಷೆ, ಸ್ಕ್ಯಾನ್, ಹೈದರಾಬಾದ್. ಮೂಗಿನ ಮೂಲಕ ಆಪರೇಷನ್ ಮಾಡಿ ಗಡ್ಡೆ ತೆಗೆದರು. ಎಲ್ಲರಿಗೂ ಶುಗರ್ ಇಳಿಯುತ್ತದೆ ಎನ್ನಲಾಗದು ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಬೀರಪ್ಪನಿಗೆ ಇಳಿಯಿತು. ಇನ್ಸುಲಿನ್ ನಿಂತಿತು, ಒಂದು ಗುಳಿಗೆ ಉಳಿಯಿತು. ನನಗೆ ನಿಜಕ್ಕೂ ಖುಷಿಯಾಯಿತು. ಇನ್ನಾದರೂ ಸಿದ್ದಮ್ಮ ಒಪ್ಪಬೇಕಲ್ಲ?

“ದವಾಖಾನ್ಯಾಗ ಹುಗ್ಗಿ ಎಲ್ಲಿ ಸಿಗ್ತದ್ರಿ ಸರ?” ಎಂದಳು. “ಅದಕ್ಕ ಇಳದದ.”

ಅಂತೂ ಕುರಿ ವಾಪಸ್ ಸಿಕ್ಕವು. ಕಳೆದ ವಾರ ನಮ್ಮ ಹೊಲಕ್ಕೆ ಬೀರಪ್ಪನೇ ಹಿಂಡು ಹೊಡೆದುಕೊಂಡು ಬಂದ. ಜೊತೆಗೆ ತಮ್ಮನೂ ಬಂದಿದ್ದ. (ಕಾವಲಿಗೆ. ಕುರಿಗಲ್ಲ, ಅಣ್ಣನಿಗೆ.) ಅಪರೂಪಕ್ಕೆ ಎರಡು ಚಮಚ ತಿಂದರೆ ಪರವಾಗಿಲ್ಲ ಎಂದು ಡಾಕ್ಟರು ಹೇಳಿದ್ದರಿಂದ, ನನ್ನ ಹೆಂಡತಿ ಬಟ್ಟಲಲ್ಲಿ ಅಷ್ಟೇ ಹುಗ್ಗಿ ಕೊಟ್ಟಿದ್ದಳು. ಬೀರಪ್ಪ ಅದನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಬಟ್ಟಲನ್ನು ನನ್ನ ಕಡೆ ಸರಿಸಿದ.

“ಬ್ಯಾಡ್ರಿ ಸರ. ಈಗ ತಿಂದ್ರ, ಆವಾಗೂ ತಿಂದಿದ್ದ ಅಂತಾರ.”

ನನಗೂ ಶುಗರ್ ಇದೆ ಎಂದೆನಲ್ಲ? ಆ ಬಟ್ಟಲನ್ನು ನಾನು ಖಾಲಿ ಮಾಡಿದೆ, ಯಾರೂ ಏನೂ ಕೇಳಲಿಲ್ಲ.