ಮಾದಪ್ಪನ ಆಣೆಯೂ ನನ್ನ ಆಪ್ತ ಸಮಾಲೋಚನೆಯೂ

ನಿನ್ನೆ ತಾರಸಿಯ ಮೇಲೆ ಹುರುಳಿ ಒಣಗಿಸಲು ಹಳೆಯ ಫ್ಲೆಕ್ಸ್ ಒಂದನ್ನು ಹಾಸಿದೆ. ಬಿಸಿಲಿಗೆ ಪ್ಲಾಸ್ಟಿಕ್ ವಾಸನೆ ಎದ್ದಿತು. ನೋಡಿದರೆ, 'ದಾರಿ ತಪ್ಪಿದ ಹೆಣ್ಣುಮಕ್ಕಳಿಗಾಗಿ ಒಂದು ದಿನದ ಕಾರ್ಯಾಗಾರ'! ಕೆಳಗೆ ಕೈ ಮುಗಿದು ನಿಂತ ಗಣ್ಯರ ಸಾಲು. ಅವರ ಮುಖದ ಮೇಲೆ ಹುರುಳಿ ಹರಡುವಾಗ ನನಗೆಷ್ಟು ಖುಷಿಯಾಯಿತೆಂದು ನಿಮ್ಮ ಹತ್ತಿರವಲ್ಲದೆ ಇನ್ಯಾರ ಹತ್ತಿರ ಹೇಳಿಕೊಳ್ಳಲಿ?

ಆ ಕಾರ್ಯಾಗಾರ ನಡೆದಾಗ ನಾನು ಕೊಳ್ಳೇಗಾಲದ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ಎರಡು ದಿನದ ತರಬೇತಿಗೆ ಹೋಗಿಬಂದ ತಪ್ಪಿಗೆ ಆಪ್ತ ಸಮಾಲೋಚಕಿಯೂ ಆಗಿದ್ದೆ. ಮಗು ಮಾತಾಡುವಾಗ ತಲೆ ಆಡಿಸಬೇಕೆಂದು ಅಲ್ಲಿ ಹೇಳಿಕೊಟ್ಟಿದ್ದರು. ಮಾತೇ ಆಡದಿದ್ದರೆ ಏನು ಮಾಡಬೇಕೆಂದು ಕೇಳುವಷ್ಟರಲ್ಲಿ ಊಟಕ್ಕೆ ಬಿಟ್ಟರು.

ಹನೂರಿನ ಬಸ್ಸಿನಲ್ಲಿ ಬರುತ್ತಿದ್ದ ಹತ್ತನೇ ತರಗತಿಯ ನಾಲ್ವರು ಹುಡುಗಿಯರದ್ದೊಂದು ಗ್ಯಾಂಗ್ ಇತ್ತು. ಅದಕ್ಕೆ ಯಜಮಾನಿ ಶಾಗ್ಯ ಹಳ್ಳಿಯ ಮಾದೇವಿ. ಗ್ಯಾಂಗ್ ಬಿಡುತ್ತೇನೆಂದ ಒಬ್ಬಳನ್ನು ಉಳಿದ ಮೂವರು ಬಸ್ ಸ್ಟ್ಯಾಂಡಿನಲ್ಲಿ ಜಡೆ ಹಿಡಿದು ಬಡಿದರು. ಶಾಲೆಯ ಮಾನ ಹೋಯಿತು. ಶಾಲೆಗೆ ಅಷ್ಟೊಂದು ಮಾನವಿದ್ದದ್ದು ನಮಗೂ ಅಂದೇ ಗೊತ್ತಾದದ್ದು. ಕೂಡಲೇ ಕಾರ್ಯಾಗಾರ. ಮೈಸೂರಿನಿಂದ ಬಂದವರು, "ಕಣ್ಣು ಮುಚ್ಚಿ ನಿಮ್ಮ ತಾಯಿಯ ಮುಖ ನೆನೆಸಿಕೊಳ್ಳಿ" ಎಂದರು. ಮಾದೇವಿಯ ತಾಯಿ ತಿರುಪ್ಪೂರಿನ ಬನಿಯನ್ ಫ್ಯಾಕ್ಟರಿಯಲ್ಲಿದ್ದಳು. ಹುಡುಗಿ ಕಣ್ಣು ಬಿಟ್ಟುಕೊಂಡೇ ಕೂತಿದ್ದಳು. ಕೇಸರಿಬಾತ್ ಮಾತ್ರ ಚೆನ್ನಾಗಿತ್ತು.

ಕೇಸರಿಬಾತ್ ತಿಂದೂ ಹುಡುಗಿಯರು ಸುಧಾರಿಸಲಿಲ್ಲವೆಂದು ಹೆಡ್ಮಾಸ್ಟರಿಗೆ ಅಚ್ಚರಿ. ಮಾದಪ್ಪನ ಫೋಟೋ ಮುಂದೆ ಕರ್ಪೂರ ಹಚ್ಚಿ, "ಮುಟ್ಟಿ ಆಣೆ ಮಾಡ್ರಮ್ಮ, ಇನ್ಮೇಲೆ ಗ್ಯಾಂಗ್ ಕಟ್ಟಲ್ಲ ಅಂತ" ಎಂದರು. ನಮ್ಮ ಸೀಮೆಯವರು ಕೋರ್ಟಿನಲ್ಲಿ ಬೇಕಾದರೆ ಸುಳ್ಳು ಹೇಳಿಯಾರು, ಬೆಟ್ಟದ ಮಾದಪ್ಪನ ಮೇಲೆ ಹೇಳಲಾರರು. ಮಾದೇವಿ ಕೈ ಹಿಂದೆ ಕಟ್ಟಿಕೊಂಡಳು.

"ಆಗಕಿಲ್ಲ ಸಾ."

"ನೋಡಿದ್ರಾ ಮೇಡಂ ಕೊಬ್ಬು! ಟೀಸಿ ಕೊಟ್ಟು ಕಳಿಸೋಣ, ಪೀಡೆ ತೊಲಗ್ಲಿ."

ಟೀಸಿ ಸಿಕ್ಕರೆ ಮುಂದೇನೆಂದು ಎಲ್ಲರಿಗೂ ಗೊತ್ತಿತ್ತು. ಅವಳನ್ನು ಮದುವೆಯಾಗಲು ಸೋದರಮಾವ ಕಾಯುತ್ತಿದ್ದ. ಅವಳಿಗೆ ಹದಿನೈದು, ಅವನ ತಲೆ ಆಗಲೇ ನರೆತಿತ್ತು.

ಲ್ಯಾಬಿನಲ್ಲಿ ಅವಳನ್ನು ಕೂರಿಸಿಕೊಂಡು ತಲೆ ಆಡಿಸಿದೆ. ಅವಳು ತುಟಿ ಬಿಚ್ಚಲಿಲ್ಲ. ಕತ್ತು ನೋಯತೊಡಗಿದಾಗ ರೇಗಿಬಿಟ್ಟೆ. "ಒಂದು ಆಣೆ ಮಾಡೋಕೆ ನಿನಗೇನೇ ಕಷ್ಟ?"

"ಮೊದ್ಲೇ ಒಂದ್ ಆಣೆ ಮಾಡಿವ್ನಿ ಮೇಡಂ, ಮಾದಪ್ಪನ ಮ್ಯಾಲೇಯ. ಯಾರೂ ಗ್ಯಾಂಗ್ ಬುಡಕಿಲ್ಲ, ಯಾರ್ಗೂ ಏನೂ ಏಳಕಿಲ್ಲ ಅಂತ. ಈಗ ಇನ್ನೊಂದ್ ಎಂಗ್ ಮಾಡ್ಲಿ?"

ಅಯ್ಯೋ ಶಿವನೇ! ನಾವು ಕೊಬ್ಬೆಂದು ಬೈದದ್ದು ಆ ಹುಡುಗಿಯ ದೇವರ ಭಯವನ್ನು. ಇದಕ್ಕೆ ತರಬೇತಿಯಲ್ಲಿ ಮದ್ದಿರಲಿಲ್ಲ, ಊರಿನಲ್ಲಿತ್ತು. ಆಣೆ ಮುರಿಯಬೇಕಾದವರು ಹುಂಡಿಗೆ ತಪ್ಪುಕಾಣಿಕೆ ಹಾಕಿ ಅಡ್ಡಬೀಳುತ್ತಾರೆ. ದೇವರು ದಿಂಡರೆಂದರೆ ಮೂಗು ಮುರಿಯುವ ನಾನು, ಹೊಡೆದವರನ್ನೂ ಹೊಡೆಸಿಕೊಂಡವಳನ್ನೂ ಕಟ್ಟಿಕೊಂಡು ಶಾಲೆಯ ಹಿಂದಿನ ಮಾದಪ್ಪನ ಗುಡಿಗೆ ಹೋದೆ. ಅಡ್ಡಬಿದ್ದು ಎದ್ದ ಮಾದೇವಿ ನನ್ನ ಕಡೆ ತಿರುಗಿದಳು.

"ಈಗ ನೀವ್ ಮಾಡಿ ಮೇಡಂ, ನನ್ಗೆ ಟೀಸಿ ಕೊಡ್ಸಕಿಲ್ಲ ಅಂತ."

ಮಾಡಿದೆ.

ಆಮೇಲೆ ಎಲ್ಲ ಹೇಳಿದಳು. ಬಸ್ಸಿನಲ್ಲಿ ಮೈಮೇಲೆ ಬೀಳುತ್ತಿದ್ದ ಪುಂಡರನ್ನು ಬೈಕಿನವನೊಬ್ಬ ಓಡಿಸಿದನಂತೆ. ಇವರು ಅಣ್ಣಾ ಎಂದರಂತೆ. ಆ ಅಣ್ಣ ಆಣೆ ಮಾಡಿಸಿಕೊಂಡು, ಇವರ ಸ್ಕೂಲ್ ಬ್ಯಾಗಿನಲ್ಲಿ ಗಾಂಜಾ ಪೊಟ್ಟಣ ಕಳಿಸುತ್ತಿದ್ದ. ಬಿಡುತ್ತೇನೆಂದವಳನ್ನು ಬಡಿಯಲು ಹೇಳಿದ್ದೂ ಅವನೇ. ಹೇಳುತ್ತ ಮಾದೇವಿ, ತಾನು ಬಡಿದವಳ ಕೈ ಹಿಡಿದುಕೊಂಡು ಗೊಳೋ ಎಂದು ಅತ್ತಳು. ನಾನೂ ಅತ್ತೆ.

ಹುಡುಗಿಯರ ಹೆಸರು ಹೊರಗೆ ಬೀಳದಂತೆ ಪೊಲೀಸರಿಗೆ ತಿಳಿಸಿದೆ. ಬೈಕಿನವನು ಒಳಗೆ ಹೋದ. ಟೀಸಿ ಬೇಡವೆಂದು ಹೆಡ್ಮಾಸ್ಟರಿಗೆ ಮಕ್ಕಳ ಹಕ್ಕು, ಕಾನೂನು ಎಲ್ಲ ಹೇಳಿದೆ. ಆಕಳಿಸಿದರು. "ಮಾದಪ್ಪನ ಮೇಲೆ ಆಣೆ ಮಾಡಿಬಿಟ್ಟಿದ್ದೀನಿ ಸಾರ್" ಎಂದೆ. ದಡಬಡ ಎದ್ದು ನಿಂತರು. "ಮೊದ್ಲೇ ಹೇಳಬಾರ್ದೇನ್ರೀ!" ವರ್ಷದ ಕೊನೆಗೆ ಈ ಯಶಸ್ಸಿಗೆ ಶಾಲು ಹೊದಿಸಿ ಸನ್ಮಾನವೂ ಆಯಿತು, ಅವರಿಗೆ.

ಈಗ ನನಗೆ ಯಳಂದೂರಿಗೆ ವರ್ಗವಾಗಿದೆ. ಬಾಯಿ ಬಿಡದ ಮಗು ಎದುರು ಕೂತರೆ ತಲೆ ಆಡಿಸುವುದಿಲ್ಲ. ಯಾರಿಗೆ ಮಾತು ಕೊಟ್ಟಿದ್ದೀಯಮ್ಮ ಎಂದು ಕೇಳುತ್ತೇನೆ. ಇವತ್ತು ಸಂಜೆ ಏನೋ ಕೆಲಸದ ಮೇಲೆ ಕೊಳ್ಳೇಗಾಲದಲ್ಲಿ ಹನೂರಿನ ಬಸ್ಸು ಹತ್ತಿದರೆ ಮಾದೇವಿ ಇದ್ದಳು, ಪಿಯುಸಿಯಂತೆ. ಸುತ್ತ ಹೈಸ್ಕೂಲಿನ ಪುಟ್ಟ ಹುಡುಗಿಯರು. ಕಂಬಿ ಹಿಡಿದು ನಿಂತ ಗಂಡಸರು ಯಾರೂ ಆ ಸೀಟಿನ ಕಡೆ ವಾಲುತ್ತಿರಲಿಲ್ಲ.

"ಮತ್ತೆ ಗ್ಯಾಂಗ್ ಕಟ್ಟಿದ್ದೀಯೇನೇ?"

"ಊ ಕಣ್ ಮೇಡಂ. ಜೊತೇಲಿ ಓಗದು, ಜೊತೇಲಿ ಬರದು."

"ಆಣೆ?"

"ಆಣೆಗೀಣೆ ಏನಿಲ್ಲ. ಬ್ಯಾಡ ಅಂದೋಳು ಓಗ್ಬೋದು" ಎಂದು ಸರಿದು ಜಾಗ ಮಾಡಿದಳು. "ಬನ್ನಿ ಮೇಡಂ, ನೀವೂ ಕೂತ್ಕಳಿ."