ಬಾಯಿ ತೆರೆಯುವ ತಿರುಪು

ಪೀಣ್ಯದ ಒಂದು ಪಂಪ್ ಕಾರ್ಖಾನೆಯಲ್ಲಿ ನಾನು ಇನ್‌ಸ್ಪೆಕ್ಟರ್ ಆಗಿದ್ದೆ. ಲೇತ್ ಯಂತ್ರದಲ್ಲಿ ಕಡೆದು ಬಂದ ಶಾಫ್ಟುಗಳನ್ನು ಅಳೆದು, ಸರಿ ಇದ್ದುದಕ್ಕೆ ಹಸಿರು ಚುಕ್ಕೆ, ತಪ್ಪಿದ್ದುದಕ್ಕೆ ಕೆಂಪು ಚುಕ್ಕೆ ಇಡುವುದು ನನ್ನ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ವಾಪಸ್ಸು ಕಳಿಸುತ್ತಿದ್ದೆ. ಹಾಗಾಗಿ ಕಟ್ಟುನಿಟ್ಟಿನ ಮನುಷ್ಯ ಎಂಬ ಹೆಸರು ಬಂದಿತ್ತು. ಆ ಹೆಸರು ನನಗೆ ಇಷ್ಟವೂ ಆಗಿತ್ತು.

ಆ ಕಟ್ಟುನಿಟ್ಟಿನ ಮನುಷ್ಯನ ಎಡಗೆನ್ನೆಯೊಳಗೆ ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೂ ಗುಟ್ಕಾ ಇರುತ್ತಿತ್ತು. ನಾನು ಎಲ್ಲರ ಹಾಗೆ ಜಗಿಯುತ್ತಿರಲಿಲ್ಲ. ಪುಡಿಯನ್ನು ಕೆನ್ನೆಗೂ ದವಡೆಗೂ ನಡುವೆ ಒತ್ತಿ ಇಟ್ಟುಕೊಂಡು, ಏನೂ ಇಲ್ಲದವನಂತೆ ಮಾತಾಡುತ್ತಿದ್ದೆ. ಸಂಜೆ ಜಾಲಹಳ್ಳಿ ಕ್ರಾಸಿನಲ್ಲಿ ಬಸ್ಸಿಳಿದು, ಬಾಟಲಿ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಸೋಂಪು ಹಾಕಿಕೊಂಡು ಮನೆಗೆ ಹೋಗುತ್ತಿದ್ದೆ. ಹೆಂಡತಿಗೆ ಗೊತ್ತಿಲ್ಲ ಎಂದೇ ನಂಬಿದ್ದೆ.

ಕಾರ್ಖಾನೆಯೊಳಗೆ ಗುಟ್ಕಾ ಹಾಕುವಂತಿರಲಿಲ್ಲ. ಉಗುಳಲು ಹೊರಗೆ ಹೋದರೆ ಗೇಟಿನವನು ನೋಡುತ್ತಾನೆ. ಅದಕ್ಕೆ ನಾನು ಮೂರನೇ ಲೇತ್‌ನ ಹಿಂದೆ, ಎಣ್ಣೆ ಡ್ರಮ್ಮುಗಳ ಸಂದಿಯಲ್ಲಿ ಒಂದು ಮೂಲೆ ಕಂಡುಕೊಂಡಿದ್ದೆ. ತುಮಕೂರು ರಸ್ತೆಯಲ್ಲಿ ಮೇಲ್ಸೇತುವೆಯ ಕಂಬಗಳು ಏಳುತ್ತಿದ್ದ ಕಾಲ ಅದು. ಎಲ್ಲೆಲ್ಲೂ ಧೂಳು, ಯಾವ ಗೋಡೆಯ ಬಣ್ಣ ಏನು ಎಂದು ಯಾರೂ ಕೇಳುತ್ತಿರಲಿಲ್ಲ. ಆದರೆ ಒಂದು ದಿನ ಹೊರಗಿನ ಕಂಪನಿಯವರು ಕಾರ್ಖಾನೆ ನೋಡಲು ಬರುತ್ತಾರೆಂದು ಡ್ರಮ್ಮುಗಳನ್ನು ಸರಿಸಿದರು. ಗೋಡೆಯ ಬುಡ ಪೂರ್ತಿ ಕೆಂಪಗಿತ್ತು.

ಮ್ಯಾನೇಜರ್ ನನ್ನನ್ನು ಕರೆಸಿದರು. "ಯಾರ್ರೀ ಇದು? ಇಲ್ಲೇ ಓಡಾಡ್ತೀರಲ್ಲ ನೀವು, ನೋಡಿಲ್ವಾ?"

ಆಗಲೂ ಬಾಯಲ್ಲಿ ಗುಟ್ಕಾ ಇತ್ತು. ನುಂಗಿಬಿಟ್ಟೆ. ಗಂಟಲು ಉರಿಯುತ್ತಿರುವಾಗಲೇ ಹೇಳಿದೆ: "ಮೂರನೇ ಲೇತ್‌ನವನೇ ಇರ್ಬೇಕು ಸಾರ್. ಅವನ ಊರ ಕಡೆಯೋರೆಲ್ಲ ಹಾಕ್ತಾರಲ್ಲ."

ಮೂರನೇ ಲೇತ್‌ನಲ್ಲಿದ್ದವನು ಬಾಗಲಕೋಟೆ ಕಡೆಯ ಟರ್ನರ್. ಚೊಕ್ಕಸಂದ್ರದ ಒಂದು ವಠಾರದಲ್ಲಿ ಹೆಂಡತಿಯೊಂದಿಗೆ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿದ್ದ. ನನ್ನ ಮೇಜಿಗೆ ಬಂದ ಅವನ ಶಾಫ್ಟುಗಳಿಗೆ ಕೆಂಪು ಚುಕ್ಕೆ ಇಟ್ಟ ನೆನಪೇ ನನಗಿಲ್ಲ, ಅಷ್ಟು ಶುದ್ಧ ಕೆಲಸ. ಅವನನ್ನು ಕರೆದು ಕೇಳಿದಾಗ ಅವನು ಮ್ಯಾನೇಜರ್ ಮುಖ ನೋಡಲಿಲ್ಲ, ನನ್ನ ಮುಖ ನೋಡಿದ.

"ನಾ ಅಲ್ರೀ ಸರ. ನಾ ಅದನ್ನ ಬಿಟ್ಟು ನಾಕ್ ವರ್ಷಾತು. ನೀವರೆ ಹೇಳ್ರಿ ಸರ."

ನಾನು ಕೈಯಲ್ಲಿದ್ದ ಹಾಳೆಯನ್ನು ಓದುತ್ತಿರುವವನಂತೆ ನಿಂತೆ. ಮರುದಿನ ಅವನ ಹೆಸರಿನ ಎಚ್ಚರಿಕೆ ಪತ್ರ ನೋಟಿಸ್ ಬೋರ್ಡಿನ ಮೇಲಿತ್ತು. ಹೊಸದಾಗಿ ಬರಲಿದ್ದ ಕಂಪ್ಯೂಟರ್ ಲೇತ್‌ನ ತರಬೇತಿಗೆ ಇಬ್ಬರನ್ನು ಆರಿಸಬೇಕಿತ್ತು. ಅವರಲ್ಲಿ ಅವನೊಬ್ಬ ಎಂದು ಎಲ್ಲರೂ ತಿಳಿದಿದ್ದರು. ಪತ್ರದ ಕಾರಣಕ್ಕೆ ಅವನ ಹೆಸರು ಬಿಟ್ಟುಹೋಯಿತು.

ಅದಾದ ಮೇಲೆ ಕೆಲವು ತಿಂಗಳಲ್ಲಿ ನನ್ನ ಬಾಯಿ ಮುಚ್ಚತೊಡಗಿತು. ಮೊದಲು ಸಾರಿನ ಖಾರ ತಡೆಯಲಾಗಲಿಲ್ಲ. ಕೆನ್ನೆಯೊಳಗೆ ನಾಲಿಗೆಯಾಡಿಸಿದರೆ ಒಣಗಿದ ತೊಗಲನ್ನು ಮುಟ್ಟಿದಂತಿತ್ತು. ಆಮೇಲೆ ಇಡ್ಲಿಯನ್ನು ಬೆರಳಲ್ಲಿ ಚಪ್ಪಟೆ ಮಾಡಿ ತೂರಿಸಿಕೊಳ್ಳಬೇಕಾಯಿತು. ಹೆಂಡತಿಯ ತಂಗಿಯ ಮಗುವಿನ ನಾಮಕರಣದಲ್ಲಿ ಯಾರೋ ಸಂಭ್ರಮದಿಂದ ನನ್ನ ಬಾಯಿಗೆ ಲಾಡು ಹಿಡಿದರು. ಅದು ಹಲ್ಲಿಗೆ ತಗುಲಿ ಪುಡಿಯಾಗಿ ಅಂಗಿಯ ಮೇಲೆಲ್ಲ ಉದುರಿತು. "ಬಾಯಿ ತೆಗೀರೀ ಭಾವ," ಎಂದು ಸುತ್ತಲಿದ್ದವರು ನಕ್ಕರು. ನನಗಾಗುವಷ್ಟು ತೆಗೆದೇ ಇದ್ದೆ. ಹೆಂಡತಿ ಮಾತ್ರ ನಗಲಿಲ್ಲ.

ಹಲ್ಲುನೋವೆಂದು ಅವಳಿಗೆ ಹೇಳಿ ದಂತ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಒಬ್ಬನೇ ಹೋದೆ. ಅಲ್ಲಿದ್ದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. "ಎಷ್ಟಾಗತ್ತೋ ಅಷ್ಟು ತೆಗೀರಿ ಸಾರ್," ಎಂದು, ವರ್ನಿಯರ್ ಕ್ಯಾಲಿಪರ್ ತೆಗೆದು ನನ್ನ ಮೇಲಿನ ಕೆಳಗಿನ ಹಲ್ಲುಗಳ ನಡುವೆ ಹಿಡಿದರು. ದಿನವಿಡೀ ನಾನು ಕೈಯಲ್ಲಿ ಹಿಡಿಯುವ ಅಳತೆಯ ಉಪಕರಣ ಅದು. ಅವರು ಹೇಳುವ ಮೊದಲೇ ನಾನು ಓರೆಗಣ್ಣಿನಲ್ಲಿ ಓದಿಕೊಂಡೆ: ಹತ್ತೊಂಬತ್ತು ಮಿಲಿಮೀಟರ್. ಎರಡು ಬೆರಳೂ ಸರಿಯಾಗಿ ಹೋಗದಷ್ಟು.

ಕೆನ್ನೆಯ ಒಳಚರ್ಮ ನಾರುಗಟ್ಟಿದೆ, ಅಡಿಕೆಯಿಂದಲೇ ಹೀಗಾಗುವುದು, ಮೊದಲಿನಂತೆ ಪೂರ್ತಿ ಆಗುವುದಿಲ್ಲ, ಇನ್ನೂ ಮುಚ್ಚದಂತೆ ಮಾಡಬಹುದು ಎಂದರು. ವಾರಕ್ಕೊಮ್ಮೆ ಕೆನ್ನೆಗೆ ಇಂಜೆಕ್ಷನ್. ಅದರ ಜೊತೆಗೆ ಮನೆಯಲ್ಲಿ ದಿನಕ್ಕೆ ನಾಲ್ಕು ಸಲ ಮಾಡಬೇಕಾದ ವ್ಯಾಯಾಮ. ಅದಕ್ಕೊಂದು ಸಾಧನ ತೋರಿಸಿದರು: ಬುಗುರಿಯಂತೆ ತುದಿ ಸಣ್ಣಗಿದ್ದು ಬರಬರುತ್ತ ದಪ್ಪಗಾಗುವ, ಮೈಮೇಲೆ ಸುತ್ತು ಸುತ್ತು ಗೆರೆಯಿರುವ ಪ್ಲಾಸ್ಟಿಕ್ ತಿರುಪು. ತುದಿಯನ್ನು ದವಡೆ ಹಲ್ಲುಗಳ ನಡುವೆ ಇಟ್ಟು ನಿಧಾನವಾಗಿ ತಿರುಗಿಸುತ್ತ ಹೋದರೆ ಬಾಯಿ ಅಷ್ಟಷ್ಟೇ ತೆರೆದುಕೊಳ್ಳುತ್ತದೆ. "ಎಳೆದ ಹಾಗಾಗೋವರೆಗೂ ತಿರುಗಿಸಿ, ಜೋರಾಗಿ ನೋವಾದ್ರೆ ನಿಲ್ಲಿಸಿ. ಒಂದು ನಿಮಿಷ ಹಾಗೇ ಇಟ್ಕೊಂಡು ಆಮೇಲೆ ಇನ್ನೊಂದು ಕಡೆ. ಗುಟ್ಕಾ ಇವತ್ತೇ ಬಿಡ್ಬೇಕು ಸಾರ್."

"ಬಿಟ್ಟು ಆರು ತಿಂಗಳಾಯ್ತು ಮೇಡಂ," ಎಂದೆ.

ಅವರು ಹತ್ತಿಯಿಂದ ನನ್ನ ಹಿಂದಿನ ಹಲ್ಲನ್ನು ಒರೆಸಿ, ಕೆಂಪಾದ ಹತ್ತಿಯನ್ನು ನನ್ನ ಕಣ್ಣೆದುರು ಟ್ರೇಯಲ್ಲಿಟ್ಟರು. ನನಗೆ ಮಗಳಾಗುವಷ್ಟು ವಯಸ್ಸಿನವರು. ಗುಟ್ಕಾ ಬಿಟ್ಟಿದ್ದು ಅವತ್ತು.

ತಿರುಪನ್ನು ಮನೆಯಲ್ಲಿ ಬಚ್ಚಲಲ್ಲಿ ಗೀಸರಿನ ಮೇಲೆ ಅಡಗಿಸಿಟ್ಟೆ. ಬೆಳಿಗ್ಗೆ ನಲ್ಲಿ ಬಿಟ್ಟು, ಅದರ ಸದ್ದಿನಲ್ಲಿ ವ್ಯಾಯಾಮ ಮಾಡುತ್ತಿದ್ದೆ. ತಿರುಗಿಸಿದಂತೆಲ್ಲ ಕಿವಿಯ ಮುಂದಿನ ಕೀಲು ಕಟಕಟ ಎನ್ನುತ್ತಿತ್ತು. ಎಷ್ಟು ತಡೆದರೂ ಗಂಟಲಿನಿಂದ ನರಳಿಕೆ ಬರುತ್ತಿತ್ತು, ಜೊಲ್ಲು ಗಲ್ಲದಿಂದ ಎದೆಗಿಳಿಯುತ್ತಿತ್ತು. ಕನ್ನಡಿಯಲ್ಲಿ ನನ್ನ ಮುಖ ನೋಡಲಾಗದೆ ಗೋಡೆಗೆ ತಿರುಗಿ ನಿಲ್ಲುತ್ತಿದ್ದೆ. ಮಧ್ಯಾಹ್ನದ ಸರದಿ ಕಾರ್ಖಾನೆಯಲ್ಲಿ. ಎಲ್ಲರೂ ಊಟಕ್ಕೆ ಹೋದಾಗ ಅಳತೆ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು, ಕೊರಳಿಗೆ ಕರ್ಚೀಫು ಸಿಕ್ಕಿಸಿಕೊಂಡು ಕೂರುತ್ತಿದ್ದೆ.

ಒಂದು ಮಧ್ಯಾಹ್ನ ಆ ಟರ್ನರ್ ಶಾಫ್ಟ್ ಹಿಡಿದು ಒಳಗೆ ಬಂದುಬಿಟ್ಟ. ನನ್ನ ಬಾಯಲ್ಲಿ ತಿರುಪು, ಗಲ್ಲದ ಮೇಲೆ ಜೊಲ್ಲು. ಅವಸರದಲ್ಲಿ ಕಿತ್ತುಕೊಳ್ಳಲು ಹೋದೆ. ಎರಡು ದಿನದಿಂದ ಬಿರುಕು ಬಿಟ್ಟಿದ್ದ ತಿರುಪು ಎರಡಾಗಿ ಮುರಿದು ಮೇಜಿನ ಮೇಲೆ ಬಿತ್ತು.

"ಇದೇನ್ರೀ ಸರ, ಬಾಯಾಗ?"

"ದವಡೆ ಕೀಲು ಹಿಡ್ಕೊಂಡಿದೆ ಕಣಪ್ಪ. ವಾತ," ಎಂದೆ. ಅದೂ ಸುಳ್ಳು.

ಅವನು ಮುರಿದ ಚೂರನ್ನು ಬೆಳಕಿಗೆ ಹಿಡಿದು ನೋಡಿದ. "ಇದರ ಥ್ರೆಡ್ ಗೆರಿ ಹರಿತ ಅದಾವ್ರಿ. ವಸಡ ಕೊಯ್ತಾವು. ನಾ ನೈಲಾನ್‌ದಾಗ ಒಂದ ತೆಗದ ಕೊಡ್ತೀನಿ ತಗೋರಿ. ದುಂಡಗ ಹಾಕಿದ್ರ ಬಾಯಿಗೆ ಹತ್ತೂದಿಲ್ಲ."

ಬೇಡ ಎಂದೆ. ಅವನು ಆ ಮಾತು ಕಿವಿಗೇ ಹಾಕಿಕೊಳ್ಳಲಿಲ್ಲ. ಮರುದಿನ ತನ್ನ ಊಟದ ಹೊತ್ತಿನಲ್ಲಿ ಬಿಳಿ ನೈಲಾನ್ ತುಂಡಿನಿಂದ ತಿರುಪು ಮಾಡಿ ತಂದುಕೊಟ್ಟ. ಒಂದು ಚೂರು ತರಿಯಿಲ್ಲದೆ ನುಣ್ಣಗೆ ಉಜ್ಜಿದ್ದ. ಹಿಂದಿನ ತುದಿಯಲ್ಲಿ ತೂತು ಕೊರೆದು ದಾರ ಕಟ್ಟಿದ್ದ. ದಾರ ಯಾಕೆಂದು ಕೇಳಿದೆ. "ಕೈ ಜಾರಿ ಒಳಗ ಹೋದ್ರ ಏನ್ ಮಾಡ್ತೀರ್ರಿ? ದಾರ ಕೊಳ್ಳಾಗ ಹಾಕ್ಕೋರಿ," ಎಂದು ನಕ್ಕ.

ಮುಂದಿನ ವಾರ ಅದನ್ನು ಡಾಕ್ಟರಿಗೆ ತೋರಿಸಿದೆ. ಅವರು ತಿರುಗಿಸಿ ನೋಡಿ, ದಿನಾ ಬಿಸಿನೀರಲ್ಲಿ ತೊಳೆದು ಬಳಸಬಹುದು ಎಂದರು. "ಯಾರು ಸಾರ್ ಮಾಡ್ಕೊಟ್ಟಿದ್ದು? ಎಷ್ಟು ಚೆನ್ನಾಗಿದೆ! ನಿಮಗೆ ತುಂಬಾ ಬೇಕಾದೋರಾ?"

ನಾನು ತಿರುಪನ್ನು ಕರ್ಚೀಫಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡೆ. ಬಸ್ಸಿನಲ್ಲಿ ಬರುವಾಗ ಜೇಬಿನಲ್ಲಿದ್ದ ಆ ತಿರುಪು ತೊಡೆಗೆ ಒತ್ತುತ್ತಿತ್ತು. ಮೂರು ದಿನ ಅದನ್ನು ಬಾಯಿಗಿಡಲಾಗಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಅವನ ಲೇತ್ ಬಳಿ ಹೋಗಿ ನಿಂತೆ.

"ಆ ಗೋಡೆ ಹತ್ರ ಉಗೀತಿದ್ದಿದ್ದು ನಾನು," ಎಂದೆ. "ನಿನ್ನ ಹೆಸರು ಹೇಳಿದ್ದೂ ನಾನೇ. ನನಗಿರೋದು ವಾತ ಅಲ್ಲ, ಗುಟ್ಕಾ ಕಾಯಿಲೆ. ತಪ್ಪಾಯ್ತು."

ಅವನು ಸ್ವಿಚ್ ಒತ್ತಿ ಮಿಷನ್ ನಿಲ್ಲಿಸಿದ. ಶಾಫ್ಟನ್ನು ಕಚ್ಚಿ ಹಿಡಿದು ತಿರುಗುವ ಚಕ್ ಪೂರ್ತಿ ನಿಲ್ಲುವವರೆಗೂ ಅದನ್ನೇ ನೋಡುತ್ತಿದ್ದ. ಬೈಯುತ್ತಾನೆ, ಹೊಡೆದರೂ ಹೊಡೆಯಲಿ ಎಂದು ಕಾದೆ.

"ನನ್ನ ಹೇಂತಿ ದಿನಾ ನನ್ನ ಅಂಗಿ ಕಿಸೆ ನೋಡ್ತಾಳ್ರಿ," ಎಂದ. "ಆಕಿ ಅಪ್ಪ ತಂಬಾಕ ತಿಂದ ಬಾಯಿ ಹುಣ್ಣಾಗಿ ಸತ್ತಾನ. ಬಿಡ್ತೀನಂತ ಆಕಿ ತಲಿ ಮ್ಯಾಲ ಕೈ ಇಟ್ಟು ಆಣಿ ಮಾಡೀನಿ. ಬೋರ್ಡಿನ ಸುದ್ದಿ ಯಾರೋ ಮನಿಗೆ ಮುಟ್ಟಿಸಿದ್ರು. ಅವತ್ತಿಂದ ಆಕಿ ನನ್ನ ನಂಬೂದಿಲ್ಲ. ಬಾಯಿ ವಾಸನಿ ನೋಡ್ತಾಳ."

"ನಾನು ಏನ್ ಮಾಡ್ಲಿ ಹೇಳು."

"ತಪ್ಪಾತು ಅನ್ನೂದು ನನಗ ಬ್ಯಾಡ. ಬಂದ ಆಕಿಗೆ ಹೇಳ್ರಿ."

ಭಾನುವಾರ ಬೆಳಿಗ್ಗೆ ಚೊಕ್ಕಸಂದ್ರಕ್ಕೆ ಹೋದೆ. ಸಾಲಾಗಿ ಎಂಟು ಕೋಣೆ, ನಡುವೆ ಒಂದೇ ನಲ್ಲಿ, ನಲ್ಲಿಯ ಸುತ್ತ ಕೊಡಗಳು, ಬಟ್ಟೆ ಒಗೆಯುವ ಹೆಂಗಸರು. ಅವನ ಹೆಂಡತಿ ಬಾಗಿಲಲ್ಲಿ ಸ್ಟೌ ಇಟ್ಟುಕೊಂಡು ರೊಟ್ಟಿ ಬಡಿಯುತ್ತಿದ್ದಳು. ಗಂಡನ ಕಾರ್ಖಾನೆಯ ದೊಡ್ಡ ಮನುಷ್ಯ ಬಂದನೆಂದು ಎದ್ದು ಸೆರಗು ಹೊದ್ದುಕೊಂಡಳು. ಅವನು ನನಗೆ ಚಾಪೆ ಹಾಸಿ, ತಾನು ಗೋಡೆಗೆ ಒರಗಿ ನಿಂತ.

ನಾನು ಹೇಳಿದೆ. ನನ್ನ ಬಾಯಿ ಇನ್ನೂ ಸರಿಯಾಗಿ ತೆರೆಯುತ್ತಿರಲಿಲ್ಲ, ಮಾತು ಹಲ್ಲಿನ ಹಿಂದೆಯೇ ಉಳಿಯುತ್ತಿತ್ತು.

"ಏನಂದ್ರಿ? ತಿಳೀಲಿಲ್ರಿ," ಎಂದಳು ಅವಳು.

ಮತ್ತೆ ಹೇಳಿದೆ. ನಲ್ಲಿಯ ಸದ್ದಿಗೆ ಅದೂ ಕೇಳಿಸಲಿಲ್ಲ. ಮೂರನೆಯ ಸಲ ಗಟ್ಟಿಯಾಗಿ, ಒಂದೊಂದೇ ಶಬ್ದ ಬಿಡಿಸಿ ಹೇಳಬೇಕಾಯಿತು: ಗುಟ್ಕಾ ಹಾಕಿದ್ದು ನಾನು, ಉಗಿದಿದ್ದು ನಾನು, ಸುಳ್ಳು ಹೇಳಿದ್ದು ನಾನು, ನಿನ್ನ ಗಂಡ ಏನೂ ಮಾಡಿಲ್ಲ. ನಲ್ಲಿಯ ಬಳಿ ಬಟ್ಟೆ ಒಗೆಯುತ್ತಿದ್ದವರು ಕೈ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ನಾಚಿಕೆ ಎಂದರೆ ಮನಸ್ಸಿನಲ್ಲಾಗುವ ಸಂಗತಿ ಎಂದು ಅಲ್ಲಿಯವರೆಗೆ ತಿಳಿದಿದ್ದೆ. ಅವತ್ತು ಅದು ಕಿವಿ, ಕುತ್ತಿಗೆ, ಬೆನ್ನು, ಎಲ್ಲ ಕಡೆ ಬೆವರಾಗಿ ಇಳಿಯಿತು.

ಅವಳು ನನ್ನನ್ನು ಬೈಯಲಿಲ್ಲ. ಬಹಳ ಹೊತ್ತು ಗಂಡನ ಕಡೆ ನೋಡಿದಳು. ಅವನು ನೋಟ ತಪ್ಪಿಸಲಿಲ್ಲ. ಅವಳ ಕಣ್ಣು ತುಂಬಿತು. ಆಮೇಲೆ ನನ್ನತ್ತ ತಿರುಗಿ, "ನಮ್ಮಪ್ಪನೂ ಕಡೀಕಡೀಗೆ ಹಿಂಗ ಮಾತಾಡ್ತಿದ್ದ್ರಿ," ಎಂದಳು.

ಎದ್ದು ಹೊರಟೆ. ಅವಳು ಬಿಡಲಿಲ್ಲ. ಬಿಸಿ ರೊಟ್ಟಿಯನ್ನು ಚೂರು ಮಾಡಿ, ಹಾಲಿನಲ್ಲಿ ನೆನೆಸಿ, ಮೆತ್ತಗೆ ಹಿಸುಕಿ ಬಟ್ಟಲಿಗೆ ಹಾಕಿ ಕೊಟ್ಟಳು. ತನ್ನ ಅಪ್ಪನಿಗೆ ಮಾಡಿಕೊಟ್ಟು ಅಭ್ಯಾಸವಾದ ಕೈ ಅದು. ನಾನು ತಿನ್ನುವಾಗ, "ನಿಮ್ಮ ಮನ್ಯಾಗ ಹೇಳೀರೇನ್ರಿ?" ಎಂದು ಕೇಳಿದಳು.

ಇಲ್ಲವೆಂದು ತಲೆಯಾಡಿಸಿದೆ.

"ಮದ್ಲ ಅವರಿಗೆ ಹೇಳ್ರಿ."

ಅಲ್ಲಿಂದ ನೇರ ಮನೆಗೆ ಬಂದು ಹೆಂಡತಿಯನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತ ತಲೆಯೆತ್ತದೆ ಕೇಳಿಸಿಕೊಂಡಳು. "ಬಚ್ಚಲಲ್ಲಿ ಬಾಗ್ಲು ಹಾಕ್ಕೊಂಡು ನರಳ್ತಿದ್ರೆ ನಾನು ಏನಂದ್ಕೋಬೇಕ್ರೀ?" ಎಂದಳು ಕೊನೆಗೆ. "ಕ್ಯಾನ್ಸರ್ ಬಂದಿದೆ, ನನಗೆ ಹೇಳ್ತಿಲ್ಲ ಅಂದ್ಕೊಂಡು ಎರಡು ತಿಂಗಳಿಂದ ಒಬ್ಬಳೇ ಒದ್ದಾಡ್ತಿದೀನಿ." ಸೊಪ್ಪಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಅತ್ತಳು. ಮರುದಿನದಿಂದ ಬಚ್ಚಲಿನ ವ್ಯಾಯಾಮ ನಿಂತಿತು. ಅಡುಗೆಮನೆಯ ಬಾಗಿಲಲ್ಲಿ ಸ್ಟೂಲ್ ಹಾಕಿ ಕೂರಿಸಿ, ಅವಳೇ ಗಡಿಯಾರ ನೋಡುತ್ತಿದ್ದಳು. ನಿಮಿಷವಾಗುವ ಮೊದಲೇ ನಾನು ತೆಗೆದರೆ, "ಇನ್ನೂ ಇದೆ, ಇಟ್ಕೊಳ್ಳಿ," ಎನ್ನುತ್ತಿದ್ದಳು. ಮೊದಮೊದಲು ಅವಳೆದುರು ಜೊಲ್ಲು ಸುರಿಸಲು ಸಂಕೋಚವಾಗುತ್ತಿತ್ತು. ಅವಳು ಟವೆಲ್ ಕೊಟ್ಟು ಒಗ್ಗರಣೆಯ ಕಡೆ ತಿರುಗುತ್ತಿದ್ದಳು.

ಎಂಟು ತಿಂಗಳಲ್ಲಿ ಬಾಯಿ ಮೂವತ್ತೊಂದು ಮಿಲಿಮೀಟರಿಗೆ ಬಂತು. ಅದಕ್ಕಿಂತ ಮುಂದೆ ಹೋಗಲಿಲ್ಲ. ಖಾರ ಈಗಲೂ ತಡೆಯುವುದಿಲ್ಲ. ಆದರೆ ಚಪಾತಿ ತಿನ್ನುತ್ತೇನೆ, ಮಾತು ಸ್ಪಷ್ಟವಾಗಿದೆ, ಆಕಳಿಸಿದರೆ ನೋವಿಲ್ಲ.

ಒಂದು ಕೆಲಸ ಮಾತ್ರ ನಾನು ಮಾಡಲಿಲ್ಲ. ಮ್ಯಾನೇಜರಿಗೆ ಹೇಳಲಿಲ್ಲ. ಕಾಗದವೊಂದನ್ನು ಬರೆದು ಡ್ರಾಯರಿನಲ್ಲಿಟ್ಟಿದ್ದೆ. ನಾಳೆ ಕೊಡೋಣ, ಈ ತಿಂಗಳು ಕಳೆಯಲಿ ಎನ್ನುತ್ತ ಬಂದೆ. ಅಷ್ಟರಲ್ಲಿ ನನ್ನನ್ನು ಸೀನಿಯರ್ ಇನ್‌ಸ್ಪೆಕ್ಟರ್ ಮಾಡಿದರು. ಆಮೇಲೆ ಆ ಕಾಗದವನ್ನು ಹರಿದು ಹಾಕಿದೆ. ಟರ್ನರ್ ಎಂದೂ ಅದರ ಬಗ್ಗೆ ಕೇಳಲಿಲ್ಲ. ಅವನು ಕೇಳಲಿಲ್ಲ ಎಂಬುದನ್ನೇ ನಾನು ನೆಪ ಮಾಡಿಕೊಂಡೆ.

ಮಾರನೆಯ ವರ್ಷ ಅವನಿಗೆ ಜಿಗಣಿಯ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿತು. ಕಂಪ್ಯೂಟರ್ ಲೇತ್ ಕಲಿಸುತ್ತಾರಂತೆ ಎಂದು ಖುಷಿಯಲ್ಲಿದ್ದ. ಕೊನೆಯ ದಿನ ಅಳತೆ ಕೋಣೆಗೆ ಬಂದು, "ಬಾಯಿ ಹೆಂಗದ್ರಿ ಸರ ಈಗ?" ಎಂದು ಕೇಳಿ, ನನ್ನ ಕೈ ಕುಲುಕಿ ಹೋದ. ಅವನ ಫೈಲಿನಲ್ಲಿ ಆ ಎಚ್ಚರಿಕೆ ಪತ್ರ ಹಾಗೆಯೇ ಇತ್ತು. ಅವತ್ತಾದರೂ ನಾನು ಆಫೀಸಿಗೆ ಹೋಗಿ ಅದನ್ನು ತೆಗೆಸಬಹುದಿತ್ತು. ಹತ್ತು ಹೆಜ್ಜೆ ದೂರ, ಮ್ಯಾನೇಜರ್ ಕೋಣೆಯಲ್ಲೇ ಇದ್ದರು. ಹೋಗಲಿಲ್ಲ. ಮೇಜಿನ ಮೇಲೆ ಅಳೆಯಬೇಕಾದ ಶಾಫ್ಟುಗಳಿದ್ದವು, ಅಳೆಯುತ್ತ ಕುಳಿತೆ.